ಹುಲಗಿಯ ಹೊಟ್ಟೆ

“ಕುಂದ್ರತೀಯೋ ಇಲ್ಲೋ?” ಯಮನೂರಪ್ಪ ಮತ್ತೆ ಗದರಿದ.

ಬೇಲಿಯ ಮರೆಯಲ್ಲಿ ಮೂರು ವರ್ಷದ ಹುಲಗಿ ಕಾಲು ಹೆಣೆದುಕೊಂಡು, ಮುಷ್ಟಿ ಬಿಗಿದು ನಿಂತೇ ಇದ್ದಳು. ನಾಲ್ಕು ದಿನದಿಂದ ಹೀಗೇ, ಹೊರಕಡೆಗೆ ಕೂರುತ್ತಲೇ ಇಲ್ಲ. ಹೆಂಡತಿ ಬಂಡೆಮ್ಮ ಎರಡನೆಯ ಹೆರಿಗೆಗೆಂದು ಮಾನ್ವಿಯ ತವರಿಗೆ ಹೋದಾಗಿನಿಂದ ರಾಯಚೂರಿನ ಈ ಒಂದು ಕೋಣೆಯ ಮನೆಯಲ್ಲಿ ತಂದೆ ಮಗಳು ಇಬ್ಬರೇ. ಯುದ್ಧದ ದಿನಗಳು. ರೇಷನ್ ಜೋಳದ ಒಣ ರೊಟ್ಟಿ, ಅದರ ಮೇಲೊಂದಿಷ್ಟು ಖಾರ. ಅವನಿಗೆ ಬರುತ್ತಿದ್ದ ಅಡುಗೆ ಅಷ್ಟೇ.

ಹತ್ತಿ ಮಿಲ್ಲಿನ ಕೂಗು ಕೇಳಿಸಿತು. ಮೊನ್ನೆ ತಡವಾಗಿ ಹೋದವನನ್ನು ಜಮೇದಾರ ಗೇಟಿನಿಂದಲೇ ಹಿಂದಕ್ಕೆ ಕಳಿಸಿದ್ದ.

“ಹಟ ಮಾಡ್ತೀಯೇನ?” ಎನ್ನುತ್ತ ಮಗುವಿನ ಬರಿತೊಡೆಗೆ ಎರಡು ಬಾರಿಸಿದ. ಹುಲಗಿ ಅಳಲಿಲ್ಲ, ಉಸಿರು ಕಟ್ಟಿ ಇನ್ನಷ್ಟು ಬಿಗಿಯಾದಳು. ಮೂರನೆಯ ಏಟಿಗೆ ಚೀರಿದಳು.

ಹಗಲು ಮಗುವನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯ ಮುದುಕಿ ನೂರ್ ಬೀ ಓಡಿ ಬಂದಳು. “ಯಾಕ ಹೊಡ್ಯಾಕತ್ತಿ ಕೂಸಿನ್ನ?”

“ನಾಕು ದಿನ ಆತು ಯವ್ವಾ, ಹಟ ಹಿಡದಾಳ.”

ನೂರ್ ಬೀ ಮಗುವಿನ ಹೊಟ್ಟೆ ಒತ್ತಿ ನೋಡಿದಳು. ಲಂಗ ಎತ್ತಿದಾಗ ಒಣಗಿದ ರಕ್ತದ ಕಲೆ ಕಂಡಿತು.

“ಹಟ ಅಲ್ಲೋ ಬೇಟಾ. ಹೋದ ಸಲ ಹೊರಕಡಿ ಗಟ್ಟಿ ಆಗಿ ಚರ್ಮ ಹರದದ. ನೋವಿಗೆ ಅಂಜಿ ತಡಕೊಂಡಾಳ. ನೀ ಹೊಡದ್ರ ಇನ್ನೂ ಅಂಜತಾಳ.”

ಅಂದು ಅವನು ಮಿಲ್ಲಿಗೆ ಹೋಗಲಿಲ್ಲ. ನೂರ್ ಬೀ ಒಣದ್ರಾಕ್ಷಿಯನ್ನು ಬಿಸಿನೀರಿನಲ್ಲಿ ನೆನೆಸಿ, ಕಿವುಚಿ, ಸೋಸಿ ಕುಡಿಸಿದಳು. ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬೆಚ್ಚಗಿನ ಹರಳೆಣ್ಣೆಯಿಂದ ಹೊಟ್ಟೆಯನ್ನು ಮೆಲ್ಲಗೆ ಸುತ್ತ ನೀವಿದಳು. ಹೊಸ್ತಿಲಲ್ಲಿ ಕುಳಿತಿದ್ದ ಯಮನೂರಪ್ಪ ಒಳಗೆ ಸರಿದು, “ನಾ ತಿಕ್ಕಲೇನು?” ಎಂದ. ಅವನ ಕೈ ಹತ್ತಿರ ಬಂದದ್ದೇ ತಡ, ಸಡಿಲಾಗಿದ್ದ ಹೊಟ್ಟೆ ಕಲ್ಲಾಯಿತು.

“ಈಗ ಬ್ಯಾಡ ಬಿಡು” ಎಂದಳು ನೂರ್ ಬೀ.

ಮರುದಿನ ಬೆಳಿಗ್ಗೆ ಅವಳು ಕಾಲು ಚಾಚಿ ಕುಳಿತು, ಪಾದಗಳ ಮೇಲೆ ಹುಲಗಿಯನ್ನು ಕೂರಿಸಿಕೊಂಡು, ಯಾವುದೋ ಕೋಳಿಯ ಕಥೆ ಹೇಳುತ್ತ ಕಾದಳು. ಹುಲಗಿ ಅತ್ತಳು, ಆಮೇಲೆ ನಕ್ಕಳು. ತೊಳೆಸಿಕೊಂಡು ಓಡಿ ಬಂದವಳು ತಂದೆಯಿಂದ ಎರಡು ಮಾರು ದೂರದಲ್ಲೇ ನಿಂತಳು.

“ಯಪ್ಪಾ, ಆತು. ಹೊಡಿಬ್ಯಾಡ.”

“ಇಲ್ಲವ್ವಾ. ಹೊಡ್ಯಂಗಿಲ್ಲ.”

ಅದನ್ನು ಅವನು ದಿನವೂ ಹೇಳಬೇಕಾಯಿತು. ಸಂತೆಯಿಂದ ಸೊಪ್ಪು ತಂದ. ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಉಣ್ಣಿಸಿದ. ಹೊಟ್ಟೆ ಸರಿಹೋಯಿತು. ಆದರೂ ಪ್ರತಿ ಬೆಳಿಗ್ಗೆ ಅವಳು ಬೇಲಿಯಿಂದ ನೇರ ಬಂದು, ಅಷ್ಟೇ ದೂರದಲ್ಲಿ ನಿಂತು, ತನ್ನ ಅದೇ ಮಾತನ್ನು ಒಪ್ಪಿಸುತ್ತಿದ್ದಳು.

ಎರಡು ತಿಂಗಳಿಗೆ ಬಂಡೆಮ್ಮ ಎಳೆಗೂಸಿನೊಂದಿಗೆ ಬಂದಳು. ಮರುದಿನ ಬೆಳಿಗ್ಗೆ ಅವಳು ಕೂಸಿಗೆ ಎರೆಯಲು ಅಂಗಳದಲ್ಲಿ ಕುಳಿತಿದ್ದಳು. ಯಮನೂರಪ್ಪ ಕೊಡ ಬಗ್ಗಿಸಿ ಚೊಂಬಿಗೆ ನೀರು ತುಂಬುತ್ತಿದ್ದ. ಹುಲಗಿ ಬಂದು ನಿಂತಳು.

“ಯಪ್ಪಾ, ಆತು. ಹೊಡಿಬ್ಯಾಡ.”

ಬಂಡೆಮ್ಮ ತಲೆ ಎತ್ತಿ ಗಂಡನನ್ನು ನೋಡಿದಳು. “ಏನಂದಳು ಅಕಿ?”

ಚೊಂಬು ತುಂಬಿ ನೀರು ಮಣ್ಣಿಗೆ ಹರಿಯುತ್ತಿತ್ತು. ಅವನು ಕೊಡ ಬಗ್ಗಿಸಿಕೊಂಡೇ ನಿಂತಿದ್ದ.