ಕುದುರೆಗಳಿಲ್ಲದ ಹುಲ್ಲುಗಾವಲು

ಗಂಡ ಲುವ್ಸಾನ್ ತೀರಿಕೊಂಡ ಮೇಲೆ ನಮ್ಮ ನೆರೆಯ ತ್ಸೆವೆಲ್ಮಾ ಕುದುರೆಗಳನ್ನೆಲ್ಲ ಮೈದುನ ಗೊಂಬೊನಿಗೆ ಒಪ್ಪಿಸಿಬಿಟ್ಟಳು. ಬಾಚಿದರೆ ಆಡುಗಳಿಂದ ಉಣ್ಣೆಯಾದರೂ ಸಿಗುತ್ತದೆ, ಒಂಟಿ ಹೆಂಗಸಿಗೆ ಕುದುರೆ ಯಾಕೆ ಎಂದು ಎಲ್ಲರೂ ಹೇಳಿದ್ದರು. ಆಗ ಯಾರು ಏನೆಂದರೂ ಅವಳು ಸರಿ ಎನ್ನುತ್ತಿದ್ದಳು.

ಆ ಚಳಿಗಾಲ ಹುಲ್ಲುಗಾವಲಿನ ಮೇಲೆ ಹಿಮ ಕಲ್ಲಿನಂತೆ ಗಟ್ಟಿಯಾಯಿತು. ಕುದುರೆಗಳಿದ್ದರೆ ಅದನ್ನು ಗೊರಸಿನಿಂದ ಒಡೆದು ಮೇಯುತ್ತವೆ; ಹಿಂದೆ ಹೋಗುವ ಆಡುಗಳಿಗೆ ಮಿಕ್ಕ ಹುಲ್ಲು ಸಿಗುತ್ತದೆ. ಈಗ ಆಡುಗಳು ಹಿಮದ ಮೇಲೆ ಸುಮ್ಮನೆ ನಿಂತಿದ್ದವು. ಬೆಳಿಗ್ಗೆ ಎದ್ದು, ಸತ್ತ ಆಡುಗಳನ್ನು ಗುಡಾರದ ಹಿಂದಕ್ಕೆ ಎಳೆದು ಹಾಕುವುದು ತ್ಸೆವೆಲ್ಮಾಳ ಕೆಲಸವಾಯಿತು. ಅವಳು ಅತ್ತದ್ದನ್ನು ನಾನು ಕಾಣಲಿಲ್ಲ.

ಕೊನೆಗೆ ನಾನೇ ಗುಡ್ಡದಾಚೆಗೆ ಹೋಗಿ ಗೊಂಬೊನಿಗೆ ತಿಳಿಸಿದೆ. ಅವನು ಕುದುರೆಗಳನ್ನು ಹೊಡೆದುಕೊಂಡು ಬಂದ.

"ಮೊದ್ಲೇ ಹೇಳಿಕಳಿಸ್ಬಾರ್ದಿತ್ತಾ ಅತ್ತಿಗೆ?"

"ಹೇಳ್ಬೇಕು ಅನ್ನಿಸ್ಲೇ ಇಲ್ಲ ಕಣಪ್ಪ."

"ಆಡು ಸಾಯ್ತಿದ್ದದ್ದು ಕಾಣ್ಲಿಲ್ವಾ?"

"ಕಾಣ್ತಿತ್ತು."

ಕುದುರೆಗಳು ಹಿಮ ಕೆದಕತೊಡಗಿದವು. ಉಳಿದಿದ್ದ ಆಡುಗಳು ಒಂದೊಂದಾಗಿ ಅವುಗಳ ಹಿಂದೆ ಹೋಗಿ ಬಾಯಿ ಹಾಕಿದವು.

"ಇನ್ನು ಬದುಕ್ಕೊಳ್ತವೆ ಬಿಡು," ಎಂದೆ.

"ಹೂಂ," ಎಂದು ತ್ಸೆವೆಲ್ಮಾ ಗೊಂಬೊನಿಗೆ ಉಪ್ಪು ಚಹಾ ಕಾಯಿಸಲು ಒಳಗೆ ಹೋದಳು.