ಹೊಟ್ಟೆಯೊಳಗಿನ ಗೆಡ್ಡೆ

ಮೊಕ್ಪೊ ಬಂದರಿನ ಪೇಟೆಯಲ್ಲಿ ಒಣಮೀನಿನ ಅಂಗಡಿ ಇಟ್ಟಿದ್ದ ಮಾನ್‌ಸಿಕ್‌ಗೆ ತೇಗು ಬಂದರೂ ಸಾವಿನ ಭಯ. ಬೆಳಿಗ್ಗೆ ಎದ್ದವನೇ ಕನ್ನಡಿಗೆ ನಾಲಿಗೆ ಚಾಚುವನು, ಬಿಪಿ ನೋಡಿಕೊಳ್ಳುವನು, ಊಟ ಆಮೇಲೆ. ಹೆಂಡತಿ ಸೂನ್ರೆ ಅಂಗಡಿ ಮುಚ್ಚಿ ಅವನ ಹಿಂದೆ ಆಸ್ಪತ್ರೆಗಳಿಗೆ ಅಲೆಯಬೇಕು.

"ಏನೇ ಸೂನ್ರೆ, ಈ ವಾರ ಯಾವ ಕಾಯಿಲೇಲಿ ಸಾಯ್ತಾನೆ ನಿನ್ನ ಗಂಡ?" ಎಂದು ಪಕ್ಕದಲ್ಲಿ ಸೀಗಡಿ ಮಾರುವ ಕೂಮ್ಜಾ ಕೇಳಿದರೆ ಇಡೀ ಸಾಲು ನಗುತ್ತಿತ್ತು. ಸೂನ್ರೆಯೂ ನಗುತ್ತಿದ್ದಳು.

ಆ ಸಲ ಗ್ವಾಂಗ್ಜುವಿನ ಆಸ್ಪತ್ರೆಯಲ್ಲಿ ಹೊಟ್ಟೆಗೆ ಕೊಳವೆ ಇಳಿಸಿ ನೋಡಿದರು. ಏನೂ ಇರಲಿಲ್ಲ. ಡಾಕ್ಟರು ಸೂನ್ರೆಯನ್ನು ಪಕ್ಕಕ್ಕೆ ಕರೆದು, ಖಾರ ಕಡಿಮೆ ಮಾಡಿ ಅಂದರು, ಅಷ್ಟೇ. ವಾಪಸು ಬರುವಾಗ ಬಸ್ಸಿನಲ್ಲಿ ಅವನದು ಒಂದೇ ರಾಗ.

"ಡಾಕ್ಟರು ಗುಟ್ಟಾಗಿ ಏನಂದ್ರು? ಮುಚ್ಚಿಡಬೇಡ ಕಣೇ."

"ಏನೂ ಇಲ್ಲಾಂದ್ರು ರೀ."

"ಸುಳ್ಳು. ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ."

ಸೂನ್ರೆಗೆ ತಲೆ ಕೆಟ್ಟಿತು. "ಹೂಂ ರೀ, ಕ್ಯಾನ್ಸರ್. ಹೊಟ್ಟೇಲಿ. ವರ್ಷ ದಾಟಲ್ವಂತೆ. ಸಾಕಾ?"

ಕಿರುಚಾಡುತ್ತಾನೆ ಅಂದುಕೊಂಡಳು. ಅವನು ಕಿಟಕಿಗೆ ತಲೆಯಾನಿಸಿ, "ನಾನು ಹೇಳಿರ್ಲಿಲ್ವಾ?" ಅಂದ. ಮೊಕ್ಪೊ ಬರುವವರೆಗೂ ಗಡದ್ದಾಗಿ ನಿದ್ದೆ ಮಾಡಿದ.

ಮರುದಿನ ಅಂಗಡಿಯಿಂದ ಅಂಗಡಿಗೆ ಹೋಗಿ ಹೇಳಿಕೊಂಡು ಬಂದ. ಕೂಮ್ಜಾ ಅತ್ತಳು, ಚಿಪ್ಪುಮೀನಿನ ಗಂಜಿ ಮಾಡಿ ತಂದಳು. ಅವನು ಮುಟ್ಟಲಿಲ್ಲ. "ನಾನು ತಿಂದ್ರೆ ಅದೂ ತಿಂದು ಬೆಳೆಯುತ್ತೆ" ಎಂದು ಬಾರ್ಲಿ ನೀರಷ್ಟೇ ಕುಡಿದ.

ಸೂನ್ರೆ ಹೆದರಿ ಅವನ ಕಾಲು ಹಿಡಿದಳು. "ಸಿಟ್ಟಲ್ಲಿ ಸುಳ್ಳು ಹೇಳ್ದೆ ರೀ. ನಿಮಗೇನೂ ಆಗಿಲ್ಲ."

ಅವನು ಅವಳ ತಲೆ ಸವರಿದ. "ಪಾಪ, ನಂಗೆ ಧೈರ್ಯ ತುಂಬೋಕೆ ನೋಡ್ತಿದ್ದೀಯ."

ಮತ್ತೆ ತೋರಿಸೋಣ ಬನ್ನಿ ಅಂದರೆ, ಆಸ್ಪತ್ರೆಯ ಮೆಟ್ಟಿಲು ಸವೆಸಿದ್ದ ಆಸಾಮಿ ಒಲ್ಲೆನೆಂದ. "ಸಾಯೋನನ್ನ ಯಾಕೆ ಕುಯ್ಯಿಸ್ತೀಯ?" ಡಾಕ್ಟರನ್ನೇ ಫೋನಿನಲ್ಲಿ ಮಾತಾಡಿಸಿದರೆ, "ನೀನು ಹೇಳಿಕೊಟ್ಟಿದ್ದನ್ನ ಚೆನ್ನಾಗಿ ಒಪ್ಪಿಸ್ತಾರೆ" ಎಂದು ನಕ್ಕ. ಬಾಯಿಗೆ ಅನ್ನ ತುರುಕಿದರೆ ಉಗಿದ.

ಚಳಿಗಾಲದ ಹೊತ್ತಿಗೆ ಎಲುಬಿಗೆ ಚರ್ಮ ಅಂಟಿತ್ತು. ಬಂದ ನೆಗಡಿ ಎದೆಗಿಳಿಯಿತು. ವಾರದೊಳಗೆ ಸತ್ತ.

ಸಾವಿನ ಮನೆಯಲ್ಲಿ ಅವನ ಪಟಕ್ಕೆ ಅಡ್ಡಬಿದ್ದು ಊಟಕ್ಕೆ ಕೂತ ಪೇಟೆಯವರಿಗೆ ಸೂನ್ರೆ ಮಾಂಸದ ಸಾರು ಬಡಿಸುತ್ತಿದ್ದಳು. ಕೂಮ್ಜಾಳ ಮುಂದೆ ಅವಳ ಕೈ ನಿಂತಿತು. "ಅವರಿಗೆ ಕ್ಯಾನ್ಸರ್ ಇರ್ಲೇ ಇಲ್ಲ ಅಕ್ಕಾ. ನಾನೇ ಹೇಳಿದ ಸುಳ್ಳು."

"ಸತ್ತ ಮೇಲಾದ್ರೂ ಅವನ ಮಾತು ನಂಬೇ ಮಹರಾಯ್ತಿ" ಎಂದಳು ಕೂಮ್ಜಾ. "ಕಟ್ಕೊಂಡೋಳೇ ನಂಬ್ದಿದ್ರೆ ಆ ಜೀವ ಎಷ್ಟು ನೊಂದಿತ್ತೋ!"

ಸುತ್ತಲಿನ ಹೆಂಗಸರು ಹೌದೆಂದು ತಲೆಯಾಡಿಸಿದರು. ಒಬ್ಬಳು ಬಟ್ಟಲು ಚಾಚಿ, "ನಂಗಿನ್ನೊಂಚೂರು ಹಾಕು" ಅಂದಳು.