ಪೆಟ್ಟಿಗೆ 212ರ ಕತ್ತೆ

1

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ಮೂರು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಕತ್ತೆಯಿಂದ ಶುರು ಮಾಡಿದರೆ ಇದು ಮಕ್ಕಳ ಕಥೆ ಎಂದು ನೀವು ಪುಟ ಮಗುಚುತ್ತೀರಿ. ವಿಶ್ವವಿದ್ಯಾಲಯದ ಆರ್ಕೈವ್ಸ್‌ನಿಂದ ಶುರು ಮಾಡಿದರೆ ಎರಡನೇ ಸಾಲಿಗೇ ಆಕಳಿಸುತ್ತೀರಿ. (ಆಕಳಿಸಿದಿರಲ್ಲ? ನನಗೆ ಗೊತ್ತಿತ್ತು.)

ಮೊದಲ ಕರಡು ಹೀಗಿತ್ತು: 'ನೆಲಮಾಳಿಗೆಯ ಮಂದ ಬೆಳಕಿನಲ್ಲಿ, ಧೂಳು ಹೊದ್ದ ಕಡತಗಳ ನಡುವೆ ಅವಳು ಒಂಟಿಯಾಗಿ...' ಇಷ್ಟು ಬರೆಯುವಷ್ಟರಲ್ಲಿ ಕಥಾನಾಯಕಿ ಜಗಳಕ್ಕೇ ಬಂದುಬಿಟ್ಟಳು.

"ಧೂಳು ಎಲ್ಲಿದೆ ತೋರಿಸಿ ಸಾರ್. ವಾರಕ್ಕೆ ಎರಡು ಸಲ ನಾನೇ ಬ್ರಷ್ ಹಿಡಿದು ತೆಗೀತೀನಿ. ಮಂದ ಬೆಳಕಂತೆ! ನಾಲ್ಕು ಟ್ಯೂಬ್‌ಲೈಟ್ ಇದೆ. ನೆಲಮಾಳಿಗೆ ಬೇರೆ! ಎರಡನೇ ಮಹಡಿ ಅದು. ನೆಲಮಾಳಿಗೇಲಿ ಇಟ್ರೆ ಪೇಪರ್‌ಗೆ ಬೂಷ್ಟು ಹಿಡಿಯಲ್ವಾ?"

ಸರಿ ತಾಯಿ ಎಂದು ಕರಡನ್ನು ಹರಿದು ಬುಟ್ಟಿಗೆ ಹಾಕಿದೆ. ಅವಳು ಮುಖ ಸಿಂಡರಿಸಿದಳು. ಕಾಗದ ಹರಿಯುವ ಸದ್ದಿಗೆ ಅವಳಿಗೆ ಹಲ್ಲು ಜುಮ್ಮೆನ್ನುತ್ತದಂತೆ. ಬುಟ್ಟಿಗೆ ಕೈ ಹಾಕಿ ಎರಡೂ ತುಂಡುಗಳನ್ನು ಎತ್ತಿಕೊಂಡು, ಅಂಗೈಯಿಂದ ಸುಕ್ಕು ಸವರಿ, ಪೆನ್ಸಿಲ್ಲಿನಲ್ಲಿ 'ಕರಡು 1' ಎಂದು ಬರೆದಳು.

"ನಮ್ಮಲ್ಲಿ ಯಾವುದನ್ನೂ ಬಿಸಾಕಲ್ಲ," ಅಂದಳು.

(ಇಲ್ಲಿಂದ ಮುಂದೆ 'ಅಂದರು'. ಇಪ್ಪತ್ತೆರಡು ವರ್ಷ ಸರ್ವೀಸ್ ಆದವರನ್ನು ಅವಳು ಇವಳು ಅನ್ನುವಷ್ಟು ಧೈರ್ಯ ನನಗಿಲ್ಲ.)

2

ಹೊರಗಿನ ಬೋರ್ಡಿನಲ್ಲಿ 'ವಿಶ್ವವಿದ್ಯಾಲಯ ಅಭಿಲೇಖಾಲಯ' ಎಂದಿದೆ. ವಿದ್ಯಾರ್ಥಿಗಳು 'ಹಳೇ ಪೇಪರ್ ಅಂಗಡಿ' ಅನ್ನುತ್ತಾರೆ. ಎಂದೋ ತೀರಿಹೋದ ಪ್ರಾಂಶುಪಾಲರ ಆದೇಶಗಳು, ಹಾಸ್ಟೆಲ್ ಊಟದ ಮೇಲಿನ ದೂರುಗಳು, ಯಾರೂ ಕಿವಿಗೊಡದ ಭಾಷಣಗಳು, ಎಲ್ಲವೂ ಬೂದು ಪೆಟ್ಟಿಗೆಗಳಲ್ಲಿ ನಂಬರ್ ಹಚ್ಚಿಕೊಂಡು ಕೂತಿವೆ. ಅವನ್ನು ಕಾಯುವುದು ನಮ್ಮ ನಾಯಕಿಯ ಕೆಲಸ. ಇಡೀ ಕ್ಯಾಂಪಸ್ಸಿಗೆ ಅವರು ಚೀಟಿ ಮೇಡಂ.

ಚೀಟಿ ಯಾಕೆಂದರೆ, ಅಲ್ಲೊಂದು ನಿಯಮವಿದೆ. ಯಾವ ಕಡತ ತನ್ನ ಜಾಗ ಬಿಟ್ಟು ಕದಲಿದರೂ ಆ ಜಾಗದಲ್ಲಿ ಒಂದು ಗುಲಾಬಿ ಚೀಟಿ ಇಡಬೇಕು: ಏನು ತೆಗೆದಿದ್ದು, ಯಾರು, ಯಾಕೆ, ಈಗ ಎಲ್ಲಿದೆ. ಕಡತ ವಾಪಸ್ ಬಂದ ದಿನ ಚೀಟಿ ಕಿತ್ತುಹಾಕಬೇಕು. ಅಷ್ಟೇ. ಮಗು ಕೂಡ ಮಾಡಬಹುದು.

ಆದರೆ ನಮ್ಮ ಮೇಡಂಗೆ ಇದು ರಕ್ತಕ್ಕಿಳಿದಿದೆ. ಮನೆಯ ಫ್ರಿಜ್ಜಿನಲ್ಲಿ ಹಾಲಿನ ಜಾಗದಲ್ಲಿ ಚೀಟಿ: 'ಹಾಲು, ಒಂದು ಪ್ಯಾಕೆಟ್. ತೆಗೆದವರು: ನಾನು. ಕಾರಣ: ಕಾಫಿ. ಈಗಿರುವ ಜಾಗ: ಒಲೆ.' ಒಂದು ಭಾನುವಾರ ನೆಂಟರು ಬಂದಾಗ ಸೋಫಾದ ಮೇಲೊಂದು ಚೀಟಿ ಇತ್ತಂತೆ: 'ಗಂಡ, ಒಬ್ಬರು. ಕಾರಣ: ವಾಕಿಂಗ್. ಸ್ಥಿತಿ: ಸಾಧಾರಣ.' ಗಂಡ ಒಳ್ಳೆಯ ಮನುಷ್ಯ. ವಾಪಸ್ ಬಂದವನು ತಾನೇ ಚೀಟಿ ಎತ್ತಿ, ಆ ಜಾಗದಲ್ಲಿ ಕೂತುಕೊಂಡನಂತೆ.

3

[ಈ ಭಾಗವನ್ನು ತಾತ್ಕಾಲಿಕವಾಗಿ ತೆಗೆಯಲಾಗಿದೆ. ತೆಗೆದವರು: ಲೇಖಕ. ಕಾರಣ: ಪೆಟ್ಟಿಗೆಗಳ ಇತಿಹಾಸದ ಬಗ್ಗೆ ಎರಡು ಪುಟ ಕೊರೆದಿದ್ದೆ. ಈಗಿರುವ ಜಾಗ: ಮೇಡಂ ಬಳಿ, 'ಕರಡು 2' ಎಂಬ ಹೆಸರಿನಲ್ಲಿ.]

4

ಸೋಮವಾರ ಬೆಳಗ್ಗೆ ಊರುಗೋಲು ಕುಟ್ಟಿಕೊಂಡು ಒಬ್ಬ ಅಜ್ಜಿ ಬಂದರು. ಎಪ್ಪತ್ತೊಂಬತ್ತು ವರ್ಷ. ಮನೆಯಲ್ಲಿ ಎಲ್ಲರಿಗೂ ದೊಡ್ಡಕ್ಕ, ಆದ್ದರಿಂದ ನಮಗೂ ದೊಡ್ಡಕ್ಕ. ಬಾಗಿಲಲ್ಲೇ ಮೇಡಂ ಕೈಚಾಚಿದರು.

"ಪೆನ್ ಕೊಡಿ ಅಮ್ಮಾ. ಒಳಗೆ ಪೆನ್ಸಿಲ್ ಮಾತ್ರ."

"ಈ ವಯಸ್ಸಲ್ಲಿ ನಿಮ್ಮ ಪೇಪರ್ ಮೇಲೆ ಮೀಸೆ ಬರೀತೀನಾ ನಾನು?"

"ಪ್ರೊಫೆಸರ್‌ಗಳೇ ಬರ್ದಿದಾರೆ."

ದೊಡ್ಡಕ್ಕ ಪೆನ್ನು ಕೊಟ್ಟು, ಕುರ್ಚಿಯಲ್ಲಿ ಕೂತು, ಸುಧಾರಿಸಿಕೊಂಡು ವಿಷಯಕ್ಕೆ ಬಂದರು. ಐವತ್ತೆಂಟು ವರ್ಷದ ಹಿಂದೆ ಇದೇ ಕಾಲೇಜಿನ ಪರೀಕ್ಷಾ ಹಾಲಿಗೆ ಯಾರೋ ಕತ್ತೆ ನುಗ್ಗಿಸಿದ್ದರು. ಕತ್ತೆ ನೆಟ್ಟಗೆ ಮೇಜಿನ ಹತ್ತಿರ ಹೋಗಿ ಹನ್ನೊಂದು ಉತ್ತರ ಪತ್ರಿಕೆ ತಿಂದುಹಾಕಿತ್ತು. ನುಗ್ಗಿಸಿದ ಹುಡುಗಿಗೆ ಹದಿನೈದು ದಿನ ಸಸ್ಪೆನ್ಷನ್.

"ಆ ಹುಡುಗಿ ನಾನು," ಅಂದರು ದೊಡ್ಡಕ್ಕ, ಪದ್ಮ ಪ್ರಶಸ್ತಿ ಬಂದವರಂತೆ.

ತೊಂದರೆ ಏನೆಂದರೆ ಅವರ ತಂಗಿಯೂ ಅದನ್ನೇ ಹೇಳುತ್ತಾಳೆ. ಇಬ್ಬರೂ ಒಂದೇ ಹಾಸ್ಟೆಲಿನಲ್ಲಿದ್ದವರು. ಕತ್ತೆ ನುಗ್ಗಿದ ದಿನವೇ ಇಬ್ಬರಿಗೂ ಹಾಸ್ಟೆಲ್ ಬಾಗಿಲು ಹಾಕಿ ಹದಿನೈದು ದಿನ ಊರಿಗೆ ಅಟ್ಟಿದ್ದರು, ಆದರೆ ಆದೇಶದಲ್ಲಿದ್ದದ್ದು ಒಂದೇ ಹೆಸರು, ಅದನ್ನು ಅಪ್ಪ ಯಾರಿಗೂ ತೋರಿಸದೆ ಹರಿದುಹಾಕಿದ್ದರು. ಆರು ವರ್ಷದ ಹಿಂದೆ ಮೊಮ್ಮಗಳ ಮದುವೆಯಲ್ಲಿ ತಂಗಿ ಮೈಕ್ ಹಿಡಿದು ಮುನ್ನೂರು ಜನರ ಮುಂದೆ ಕತ್ತೆಯನ್ನು ತನ್ನ ಹೆಸರಿಗೆ ಬರೆದುಕೊಂಡಳು. ದೊಡ್ಡಕ್ಕ ಊಟ ಬಿಟ್ಟು ಎದ್ದುಹೋದರು. ಅಂದಿನಿಂದ ಮಾತಿಲ್ಲ.

"ಹೋದ ವಾರ ಫೋನ್ ಮಾಡ್ದೆ. 'ದಾಖಲೆ ತೋರಿಸು, ಆಮೇಲೆ ಮಾತು' ಅಂದ್ಲು, ಇಟ್ಲು. ಶುಕ್ರವಾರ ಹನ್ನೊಂದಕ್ಕೆ ಬರ್ತಾಳೆ." ದೊಡ್ಡಕ್ಕ ಊರುಗೋಲಿನ ತುದಿ ನೋಡುತ್ತ ಕೂತರು. "ಅವಳಿಲ್ದೆ ಬೇಜಾರು ಕಣಮ್ಮ. ಜಗಳ ಆಡೋಕೆ ನನಗಿನ್ಯಾರೂ ಉಳಿದಿಲ್ಲ."

(ಇಲ್ಲಿ ನಾನು ಒಂದು ಕಣ್ಣೀರ ಹನಿ ಹಾಕಿದ್ದೆ. ಪೇಪರ್ ಮೇಲೆ ಬಿದ್ದೀತು ಎಂದು ಮೇಡಂ ಒರೆಸಿಬಿಟ್ಟರು.)

5

ಪೆಟ್ಟಿಗೆ 212, ಕಡತ 9: ಶಿಸ್ತು ಕ್ರಮಗಳು. ಮೇಡಂ ಮುಚ್ಚಳ ತೆಗೆದರು. ಕಡತ 8ರ ಹಿಂದೆ ಗುಲಾಬಿ ಚೀಟಿ. 'ಕಡತ 9. ಕಾರಣ: ಪೆಟ್ಟಿಗೆ ಹರಿದಿದೆ. ಈಗಿರುವ ಜಾಗ: ಪೆಟ್ಟಿಗೆ 340.' ಕೆಳಗೆ ಅವರದೇ ಸಹಿ, ಹದಿನಾಲ್ಕು ವರ್ಷದ ಹಿಂದಿನ ತಾರೀಖು.

340 ತೆಗೆದರು. ಚೀಟಿ. 'ಕಾರಣ: ಮೇಲಿನ ಪೈಪ್ ಸೋರುತ್ತಿದೆ. ಈಗಿರುವ ಜಾಗ: ಪೆಟ್ಟಿಗೆ 88.'

88 ಸಿಗಲಿಲ್ಲ. ಅದರ ಶೆಲ್ಫನ್ನು ಬಣ್ಣ ಬಳಿಯುವವರು ಎಲ್ಲಿಗೋ ಸರಿಸಿದ್ದರು, ಮತ್ತು ಅವರು ಚೀಟಿ ಇಟ್ಟಿರಲಿಲ್ಲ. ಮಂಗಳವಾರ ಹೋಯಿತು, ಬುಧವಾರ ಹೋಯಿತು. ಮೇಡಂಗೆ ಊಟ ಸೇರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಂದು ಹಾಳೆ ಕಳೆದಿರಲಿಲ್ಲ, ಈಗ ಒಂದು ಕತ್ತೆಯನ್ನೇ ಕಳೆದಿದ್ದರು.

ಗುರುವಾರ ಬೆಳಗ್ಗೆ ನನ್ನ ಮೇಲೆ ಹರಿಹಾಯ್ದರು.

"ಕಥೆ ಬರೆಯೋರು ನೀವು. ಎಲ್ಲಿಟ್ಟಿದೀರಿ ಹೇಳಿಬಿಡಿ."

"ನನಗೂ ಗೊತ್ತಿಲ್ಲ ಮೇಡಂ. ಬರೆಯುತ್ತಾ ಹೋದರೆ ಸಿಗುತ್ತೆ ಅಂದುಕೊಂಡಿದ್ದೆ."

"ಇದೇನು ಕೆಲಸ ಸಾರ್ ನಿಮ್ದು? ಒಂದು ಪಟ್ಟಿ ಇಲ್ಲ, ನಂಬರ್ ಇಲ್ಲ!"

ನಾನು ಮುಖ ಹುಳ್ಳಗೆ ಮಾಡಿಕೊಂಡು ಒಂದೆರಡು ದಾರಿ ಸೂಚಿಸಿದೆ. ಬೆಂಕಿ ಬಿದ್ದು ಸುಟ್ಟುಹೋಯಿತು ಅನ್ನೋಣವೇ? ಅವರು ಬೆಂಕಿ ಎಂಬ ಪದ ಕೇಳಿಯೇ ಅಗ್ನಿಶಾಮಕ ಸಿಲಿಂಡರಿನ ಕಡೆ ನೋಡಿದರು. ಗೆದ್ದಲು? "ನನ್ನ ಕಟ್ಟಡದಲ್ಲಾ?" ಅದೇ ಕತ್ತೆಯ ಮರಿಮಗ ಬಂದು ಕಡತ ತಿಂದಿತು? ಇದು ನನಗೆ ಬಹಳ ಇಷ್ಟವಾಗಿತ್ತು. ಮೇಡಂ ಮೂರಕ್ಕೂ 'ಕರಡು 3, 4, 5' ಎಂದು ನಂಬರ್ ಹಾಕಿ ಎತ್ತಿಟ್ಟರು.

ಮಧ್ಯಾಹ್ನ 88 ಸಿಕ್ಕಿತು. ಏಣಿಯ ಹಿಂದೆ, ಬಣ್ಣದ ಡಬ್ಬದ ಕೆಳಗೆ. ಒಳಗೆ ಚೀಟಿ. 'ಕಾರಣ: ಹೊಸ ಪೆಟ್ಟಿಗೆ ಬಂದಿದೆ. ಈಗಿರುವ ಜಾಗ: ಪೆಟ್ಟಿಗೆ 212.'

ಮೇಡಂ ನೆಲದ ಮೇಲೆ ಕೂತರು. ಹಾಗೆಯೇ ಎದ್ದರು. 212ರ ಹತ್ತಿರ ಹೋಗಿ, ಮುಚ್ಚಳ ತೆಗೆದು, ಹದಿನಾಲ್ಕು ವರ್ಷದಿಂದ ಅಲ್ಲಿದ್ದ ಗುಲಾಬಿ ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದು ಮೇಲೆತ್ತಿದರು.

ಚೀಟಿಯ ಹಿಂದೆಯೇ ಕಡತ 9 ಇತ್ತು.

ಅವರೇ ವಾಪಸ್ ತಂದಿಟ್ಟಿದ್ದರು. ಚೀಟಿ ಕೀಳುವುದನ್ನು ಮರೆತಿದ್ದರು. ಸೋಮವಾರ ಕಡತ ಮೂಗಿನ ಕೆಳಗೇ ಇತ್ತು, ಆದರೆ 'ಇಲ್ಲ' ಎಂದು ಚೀಟಿ ಹೇಳಿದ ಮೇಲೆ ಒಂದು ಅಂಗುಲ ಹಿಂದಕ್ಕೆ ನೋಡುವ ಅಭ್ಯಾಸ ಆ ವೃತ್ತಿಯವರಿಗಿಲ್ಲ.

"ನಗಬೇಡಿ," ಅಂದರು. ನಾನು ನಗುತ್ತಿರಲಿಲ್ಲ. (ನಗುತ್ತಿದ್ದೆ.)

ಆದೇಶ ಕಡತದ ಐದನೇ ಪುಟದಲ್ಲಿತ್ತು. ಅವರು ನಿಂತುಕೊಂಡೇ ಓದಿದರು. ಹುಬ್ಬು ಮೇಲೆ ಹೋಯಿತು, ಕೆಳಗೆ ಬಂತು. ಯಾರ ಹೆಸರಿದೆ ಎಂದು ಕೇಳಿದೆ.

"ಮೊದಲು ಕೇಳಿದೋರಿಗೆ ಮೊದಲು," ಅಂದು ಮುಚ್ಚಳ ಹಾಕಿದರು.

6

ಶುಕ್ರವಾರ ಹನ್ನೊಂದು. ತಂಗಿ ಬಂದರು. ಎಪ್ಪತ್ತೇಳು ವರ್ಷ, ಕಪ್ಪು ಕನ್ನಡಕ, ಗತ್ತು. ಉದ್ದ ಮೇಜಿನ ಆ ತುದಿಯಲ್ಲಿ ಅವರು, ಈ ತುದಿಯಲ್ಲಿ ದೊಡ್ಡಕ್ಕ, ನಡುವೆ ಮೇಡಂ, ಮುಂದೆ ಕಡತ.

"ಅವಳಿಗೆ ಹೇಳಿ, ಆಮೇಲೆ ಅಳಬಾರ್ದು ಅಂತ," ಅಂದರು ತಂಗಿ, ಮೇಡಂಗೆ.

"ಅವಳಿಗೆ ಹೇಳಮ್ಮ, ಕತ್ತೆಗೆ ಹಗ್ಗ ಹಾಕಿದ್ದು ಯಾರು ಅಂತ ನೆನಪಿದೆಯಾ ಅಂತ."

"ಹಗ್ಗ ಎಲ್ಲಿತ್ತು? ನನ್ನ ದುಪಟ್ಟಾ ಅದು! ಅಂತ ಹೇಳಿ."

ಕಡತಕ್ಕೆ ಕಟ್ಟಿದ ದಾರ ಬಿಗಿಯಾಗಿತ್ತು. ಮೇಡಂ ನಿಧಾನವಾಗಿ ಬಿಚ್ಚತೊಡಗಿದರು. (ತುಂಬಾ ನಿಧಾನವಾಗಿ. ನಾನು ಹಾಗೆ ಬರೆದಿರಲಿಲ್ಲ.)

"ದುಪಟ್ಟಾ ನಿಂದು, ಎಳೆದಿದ್ದು ನಾನು. ನೀನು ಹಿಂದಿನಿಂದ ತಳ್ತಿದ್ದೆ."

"ಕತ್ತೇನ ಯಾರಾದ್ರೂ ಹಿಂದಿನಿಂದ ತಳ್ತಾರಾ ಅಕ್ಕ? ಒದೆಯಲ್ವಾ?"

"ಒದೀತಲ್ಲೇ! ಮೂರು ದಿನ ಕೂರೋಕಾಗ್ದೆ ನಿಂತ್ಕೊಂಡೇ ಊಟ ಮಾಡಿದ್ದು ಯಾರು ಮತ್ತೆ?"

ತಂಗಿ ಕನ್ನಡಕ ತೆಗೆದರು. ಬಾಯಿ ತೆರೆದರು. ಬಂದದ್ದು ನಗು. ದೊಡ್ಡಕ್ಕನಿಗೂ ನಗು ಅಂಟಿತು. ಇಬ್ಬರೂ ಮೇಜು ಬಡಿಬಡಿದು, ಕೆಮ್ಮಿ, ಕಣ್ಣೊರೆಸಿಕೊಂಡು, ಅಪ್ಪ ಆದೇಶ ಹರಿದ ರೀತಿಯನ್ನು ಅಭಿನಯಿಸಿ, ಅದೂ ಹಾಗಲ್ಲ ಹೀಗೆ ಎಂದು ಮತ್ತೆ ಜಗಳವಾಡಿದರು. ಗೋಡೆಯ ಮೇಲೆ 'ಮೌನ' ಎಂದು ಬೋರ್ಡಿತ್ತು. ಮೇಡಂ ಅದಕ್ಕೆ ಬೆನ್ನು ಹಾಕಿ ಕೂತರು.

ಮುಕ್ಕಾಲು ಗಂಟೆಯ ಮೇಲೆ ದೊಡ್ಡಕ್ಕನಿಗೆ ನೆನಪಾಯಿತು. "ಪುಟ ತೆಗೆಯಮ್ಮ."

ಒಂದು, ಎರಡು, ಮೂರು, ನಾಲ್ಕು. ಐದನೆಯ ಜಾಗದಲ್ಲಿ ಗುಲಾಬಿ ಚೀಟಿ. 'ಪುಟ 5. ಕಾರಣ: ರಿಪೇರಿ. ವಾಪಸ್: ಸೋಮವಾರ.' ಶಾಯಿ... ಅಲ್ಲ, ಪೆನ್ಸಿಲ್. ತಾರೀಖು ಅವತ್ತಿನದೇ.

"ಇದೇನು ಕಚೇರೀನಾ, ಸಂತೇನಾ?" ಇಬ್ಬರೂ ಒಟ್ಟಿಗೆ ಮೇಡಂ ಮೇಲೆ ಮುಗಿಬಿದ್ದರು. ಆರು ವರ್ಷದಲ್ಲಿ ಅವರು ಒಮ್ಮತಕ್ಕೆ ಬಂದ ಮೊದಲ ವಿಷಯ ಅದು. ಬೈಯುತ್ತಲೇ ಮೆಟ್ಟಿಲಿಳಿದರು, ಅಕ್ಕನ ಒಂದು ಕೈ ಊರುಗೋಲಿನ ಮೇಲೆ, ಇನ್ನೊಂದು ತಂಗಿಯ ತೋಳಿನ ಮೇಲೆ. ಕರೆದದ್ದು ಒಂದೇ ಟ್ಯಾಕ್ಸಿ.

7

ಇದು ಮೋಸ. ನಿಮ್ಮ ಪರವಾಗಿ ನಾನೇ ಮೇಡಂಗೆ ಹೇಳಿದೆ. ಇಷ್ಟು ದೂರ ಓದಿದವರು ಏನು ಪಾಪ ಮಾಡಿದ್ದಾರೆ?

ಮುಕ್ತಾಯಗಳಿಗೆ ನನ್ನಲ್ಲಿ ಬರವಿಲ್ಲ. (ಅ) ದೊಡ್ಡಕ್ಕನ ಹೆಸರಿದೆ. ಗೆದ್ದ ಖುಷಿ ಮನೆ ತಲುಪುವಷ್ಟರಲ್ಲಿ ಮುಗಿಯುತ್ತದೆ, ಫೋನ್ ಮಾಡಿ ಹೇಳೋಣವೆಂದರೆ ಸೋತ ತಂಗಿ ಎತ್ತುವುದಿಲ್ಲ. (ಆ) ತಂಗಿಯ ಹೆಸರಿದೆ. ಹೆಸರು ಅದಲುಬದಲು ಮಾಡಿ ಮತ್ತೊಮ್ಮೆ ಓದಿಕೊಳ್ಳಿ. (ಇ) ಇಬ್ಬರ ಹೆಸರೂ ಇದೆ, ತಬ್ಬಿಕೊಳ್ಳುತ್ತಾರೆ. ಇದನ್ನು ಬರೆದಾಗ ನನಗೇ ವಾಕರಿಕೆ ಬಂತು. (ಈ) ಮೂರನೇ ಯಾರದೋ ಹೆಸರಿದೆ, ಇವರಿಬ್ಬರೂ ಐವತ್ತೆಂಟು ವರ್ಷದಿಂದ ಬುರುಡೆ ಬಿಡುತ್ತಿದ್ದಾರೆ.

ಇವುಗಳಲ್ಲಿ ಒಂದು ನಿಜ. ನಿನ್ನೆ ಅದನ್ನು ನೀಟಾಗಿ ಬರೆದು, ಕೊನೆಯ ಪುಟ ಎಂದು ಗುರುತು ಹಾಕಿ, ನನ್ನ ಮೇಜಿನ ಡ್ರಾಯರಿನಲ್ಲಿಟ್ಟಿದ್ದೆ. ನಿಮಗೆ ತೋರಿಸೋಣವೆಂದು ಈಗ ತಾನೇ ಡ್ರಾಯರ್ ಎಳೆದೆ.

ಮೇಲೆಯೇ ಗುಲಾಬಿ ಚೀಟಿ. ಪೆನ್ಸಿಲ್, ದುಂಡು ಅಕ್ಷರ.

'ಕೊನೆಯ ಪುಟ, ಒಂದು. ತೆಗೆದವರು: ನಾನು. ಕಾರಣ: ಅವರಿಬ್ಬರೂ ಇನ್ನೂ ಮಾತಾಡುತ್ತಿದ್ದಾರೆ. ಈಗಿರುವ ಜಾಗ: ಬೇರೆ ಕಡೆ.'

ಬೇರೆ ಕಡೆಯಂತೆ! ಚೀಟಿಯ ಹಿಂದೆ ನೋಡಬೇಕೆಂದು ನನಗೂ ಗೊತ್ತು, ನಿಮಗೂ ಗೊತ್ತು. ಕೆಳಗೆ ಕಾಗದದ ಅಂಚೊಂದು ಬೆಳ್ಳಗೆ ಕಾಣುತ್ತಲೂ ಇದೆ. ಬೆರಳು ಅಲ್ಲಿಯವರೆಗೆ ಹೋಗಿತ್ತು.

ಡ್ರಾಯರ್ ಮುಚ್ಚಿದೆ. ಸೋಮವಾರ ಹನ್ನೊಂದಕ್ಕೆ ಅಕ್ಕತಂಗಿ ಬರುತ್ತಾರೆ, ಮೇಡಂ ಆಗಲೇ ಇನ್ನೊಂದು ಚೀಟಿ ಬರೆದಿಟ್ಟಿದ್ದಾರೆ.